ನಾಲ್ಕನೇ ನಂಬರಿನ ಫಿಟ್ಟರ್

ಗದ್ದೆಪ್ಪನ ಕಿವಿಯ ಬಗ್ಗೆ ಮಾನ್ವಿ ಕಡೆಯವರು ಹೇಳುವುದರಲ್ಲಿ ಅರ್ಧ ನಂಬಿದರೂ ಸಾಕು. ಕುರ್ಡಿಯ ಚಹಾದಂಗಡಿಯಲ್ಲಿ ಕೂತಿದ್ದವನು ಬಸಿಯನ್ನು ಕೆಳಗಿಟ್ಟು, "ಮಾನ್ವ್ಯಾಗ ಯಾವುದೋ ಮಿಲ್ಲಿನ ಬೇರಿಂಗು ಹೋಗಾಕತ್ತದ" ಎಂದನಂತೆ. ಎಂಟು ದಿನಕ್ಕೆ ಹೋಯಿತಂತೆ. ಮಾನ್ವಿಯಲ್ಲಿರುವ ಅಷ್ಟೂ ಅಕ್ಕಿ ಮಿಲ್ಲುಗಳಲ್ಲಿ ಎಂಟು ದಿನಕ್ಕೊಂದು ಬೇರಿಂಗು ಹೋಗದೆ ಇರುವುದೇ ಕಷ್ಟ ಎಂದು ಅವನ ಮಗಳು ಮಂಜುಳಾ ಹೇಳಿದರೆ ಯಾರೂ ಒಪ್ಪುತ್ತಿರಲಿಲ್ಲ. ಓಣಿಯವರಂತೂ ಗದ್ದೆಪ್ಪ ರಾಯಚೂರಿನಲ್ಲಿ ಕೆಮ್ಮಿದರೆ ದೇವದುರ್ಗದಲ್ಲಿ ಒಂದು ಮೋಟಾರು ತಾನಾಗಿ ಸರಿಹೋಗುತ್ತದೆ ಎಂದು ಆಣೆ ಮಾಡುವವರು.

ರಾಯಚೂರಿನ ಧಾನ್ಯದ ಮಾರುಕಟ್ಟೆ ಗಂಜ್ ಹಿಂದೆ ಅವರದು ಎರಡು ಕೋಣೆಯ ಮನೆ. ಗದ್ದೆಪ್ಪ, ಹೆಂಡತಿ ಬೂದೆಮ್ಮ, ಇಪ್ಪತ್ತೆಂಟರ ಮಂಜುಳಾ, ಅವಳ ತಮ್ಮ, ಆಟೋ ಓಡಿಸುವ ದುರುಗೇಶ. ಕೊಟ್ರೇಶನ ಕಂಪನಿಯಲ್ಲಿ, ಎಂದರೆ ಅಕ್ಕಿ ಮಿಲ್ಲಿನ ಯಂತ್ರ ಮಾರಿ ರಿಪೇರಿಯನ್ನೂ ಮಾಡಿಕೊಡುವ ಕಂಪನಿಯಲ್ಲಿ, ಗದ್ದೆಪ್ಪ ಇಪ್ಪತ್ತಾರು ವರ್ಷದಿಂದ ಫಿಟ್ಟರ್. ಬಿ.ಕಾಂ. ಮುಗಿಸಿದ ಮಗಳನ್ನು ಅಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿಸಿದವನೂ ಅವನೇ. ಫೋನ್ ಎತ್ತುತ್ತ ಎತ್ತುತ್ತ ಐದು ವರ್ಷದಲ್ಲಿ ಅವಳು ಪ್ರಾಜೆಕ್ಟ್ ಕೋಆರ್ಡಿನೇಟರ್ ಆಗಿಬಿಟ್ಟಳು. ಹಾಗೆಂದರೇನು ಎಂದು ಓಣಿಯ ಹೆಂಗಸರು ಕೇಳಿದರೆ ಬೂದೆಮ್ಮ, "ಮೊದಲ ಬಂದ ಫೋನ್ ಎತ್ತಾಕಿ, ಈಗ ತಾನ ಮಾಡಾಕಿ" ಎನ್ನುವಳು. ಇದಕ್ಕಿಂತ ಸರಿಯಾದ ವಿವರಣೆಯನ್ನು ಕಂಪನಿಯೂ ಕೊಟ್ಟಿರಲಿಲ್ಲ.

ಆದರೆ ಮಂಜುಳಾ ಸುಮ್ಮನೆ ಮೇಲೆ ಬಂದವಳಲ್ಲ. ಅವಳಿಗಿಂತ ಮೊದಲು ಗುಂಜಹಳ್ಳಿಯ ಗಿರಾಕಿಯೊಬ್ಬ ಯಂತ್ರ ಕೆಟ್ಟಿದೆ ಎಂದು ದೂರು ಕೊಟ್ಟು, ಮಗಳ ಮದುವೆ ಮಾಡಿ, ಮೊಮ್ಮಗನ ಜವಳ ತೆಗೆಸುವ ಹೊತ್ತಿಗೆ ಫಿಟ್ಟರ್ ಬಂದಿದ್ದನಂತೆ. ಮಂಜುಳಾ ಪ್ರತಿ ದೂರಿಗೂ ಒಂದು ನಂಬರು ಕೊಟ್ಟಳು. ಯಾವ ಫಿಟ್ಟರ್ ಖಾಲಿ ಇದ್ದಾನೋ ಅವನಿಗೆ ಕಂಪ್ಯೂಟರೇ ಕೆಲಸ ಹಚ್ಚುವ ಹಾಗೆ ಮಾಡಿಸಿದಳು. ಕೆಲಸ ಮುಗಿದ ಮೇಲೆ ಫಿಟ್ಟರ್ ಆಫೀಸಿಗೆ ಫೋನ್ ಮಾಡಬೇಕು, ಮಂಜುಳಾ ಒಂದು ಗುಂಡಿ ಒತ್ತಬೇಕು, ಗಿರಾಕಿಯ ಮೊಬೈಲಿಗೆ ಮೆಸೇಜು ಹೋಗಬೇಕು: ನಿಮ್ಮ ದೂರು ಪರಿಹಾರವಾಗಿದೆ. ಆದರೂ ಗಿರಾಕಿಗಳು ಫೋನ್ ಮಾಡಿ, "ಮತ್ತ ಮಿಲ್ ಚಾಲೂ ಮಾಡ್ಲೇನ್ರಿ?" ಎಂದು ಕೇಳುತ್ತಿದ್ದರು. ಅವಳು ಇನ್ನೊಂದು ಸಾಲು ಸೇರಿಸಿದಳು: ಯಂತ್ರವನ್ನು ಚಾಲೂ ಮಾಡಬಹುದು. ಆ ಒಂದು ಸಾಲಿಗೆ ಕೊಟ್ರೇಶ ಅವಳ ಸಂಬಳ ಹೆಚ್ಚಿಸಿ, ಮೇಲೊಂದು ಸ್ಟೀಲಿನ ಡಬ್ಬಿಯನ್ನೂ ಕೊಟ್ಟ.

ಈ ಪದ್ಧತಿಯೊಳಗೆ ಹಿಡಿಯದ ಮನುಷ್ಯ ಒಬ್ಬನೇ. ಅವನು ಅವಳ ಮನೆಯಲ್ಲೇ ರೊಟ್ಟಿ ಮುರಿಯುತ್ತ ಕೂತಿದ್ದ.

"ಯಪ್ಪಾ, ಇವತ್ತಿಂದು ಎರಡು ತಾಸಿನ ಕೆಲಸ. ಐದು ತಾಸು ಯಾಕ ಹತ್ತಿತು?"

"ಎರಡು ತಾಸಿಗೇ ಮುಗಿದಿತ್ತು," ಎಂದ ಗದ್ದೆಪ್ಪ.

"ಮತ್ತ ಉಳಿದ ಮೂರು?"

"ಅವರ ಮನಿ ಮುದುಕಿದು ಹೊಲಿಗಿ ಮಶಿನ್ ಕೆಟ್ಟಿತ್ತು. ಆಮ್ಯಾಲ ಬಾಗಲ ಚಿಲಕ. ಆಮ್ಯಾಲ ಊಟಕ್ಕ ಕುಂದರಿಸಿದ್ರು. ಉಣಲಾರದ ಎದ್ದು ಬರಾಕ ಬರ್ತದೇನು?"

"ಅಕ್ಕಾ, ಊಟಕ್ಕೂ ಒಂದು ಕಂಪ್ಲೇಂಟ್ ನಂಬರ್ ಕೊಟ್ಟುಬಿಡು," ಎಂದ ದುರುಗೇಶ. "ಚಿಲಕಕ್ಕೊಂದು, ಮುದುಕಿಗೊಂದು."

"ನೀ ಸುಮ್ನಿರಲೇ. ಯಪ್ಪಾ, ಉಳಿದ ಫಿಟ್ಟರ್‌ಗಳು ಮುಗಿಸಿ ಬರೂದಿಲ್ಲೇನು?"

"ಬರ್ತಾರ. ಎಂಟು ದಿನಕ್ಕ ಮತ್ತ ಹೋಗ್ತಾರ." ಗದ್ದೆಪ್ಪ ಪುಂಡಿಪಲ್ಲೆಯನ್ನು ರೊಟ್ಟಿಗೆ ಸವರಿಕೊಂಡ. "ರಿಪೇರಿ ಮಾಡಿದ ಮ್ಯಾಲ ಒಂದು ತಾಸು ಮಶಿನ್ ಮಗ್ಗಲಕ್ಕ ಕುಂದರಬೇಕಬೇ. ಅದು ಏನಂತದ ಕೇಳಬೇಕು."

"ಒಂದಿಟು ಬೆಲ್ಲ ಹಚ್ಕೊಳ್ರಿ," ಎಂದಳು ಬೂದೆಮ್ಮ. ಗಂಡ ಮಗಳ ನಡುವೆ ಬಿಸಿಯಾದಾಗೆಲ್ಲ ಅವಳು ಬೆಲ್ಲ ತರುತ್ತಿದ್ದಳು. ಆ ಮನೆಯಲ್ಲಿ ಬೆಲ್ಲ ಬಹಳ ಖರ್ಚಾಗುತ್ತಿತ್ತು.

ಕಾರ್ತಿಕ ಕಳೆಯಿತು, ಭತ್ತದ ಲಾರಿಗಳು ಮಿಲ್ಲುಗಳ ಮುಂದೆ ಸಾಲು ಹಚ್ಚಿದವು. ಒಂದು ಸೋಮವಾರ ಕೊಟ್ರೇಶ ಮಂಜುಳಾಳನ್ನು ಕರೆದು ಅವಳೇ ಕೊಟ್ಟ ಕಾಗದವನ್ನು ಅವಳ ಮುಂದೆ ಹಿಡಿದ. ಅದರಲ್ಲಿ ಒಂಬತ್ತು ಫಿಟ್ಟರ್‌ಗಳು ಯಾವ ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಂಡರು ಎಂಬುದಿತ್ತು. ಯಾರ ಮನಸ್ಸಿಗೂ ನೋವಾಗಬಾರದೆಂದು ಹೆಸರಿನ ಬದಲು ನಂಬರು ಬರೆದವಳೂ ಅವಳೇ.

"ಈ ನಾಕನೇ ನಂಬರ್ ಯಾರಮ್ಮ? ಎಲ್ಲಾರೂ ಎರಡೂವರಿ ತಾಸಿನಾಗ ಮುಗಸ್ತಾರ. ಇಂವ ಅಲ್ಲೇ ಸಂಸಾರ ಹೂಡಿದಂಗ ಕಾಣ್ತದ."

"ನೋಡಿ ಹೇಳ್ತೀನ್ರಿ ಸರ್."

"ಹೆಸರು ಬ್ಯಾಡ ಬಿಡು. ಹೆಸರು ಕೇಳಿದ್ರ ಕರುಣಾ ಬರ್ತದ. ಸೀಜನ್ ಮುಗಿಯೂತನ ನೋಡು. ಹಿಂಗ ಇದ್ರ ನಾಕನೇ ನಂಬರ್ ತಗದುಬಿಡು."

ಮಂಜುಳಾ ತನ್ನ ಕುರ್ಚಿಗೆ ಬಂದು ಕೂತಳು. ಕೆಲಸವಿಲ್ಲದೆ ಗದ್ದೆಪ್ಪ ಮನೆಯಲ್ಲಿ ಕೂತಿದ್ದನ್ನು ಅವಳು ಒಮ್ಮೆ ನೋಡಿದ್ದಳು. ಕಾಲು ಮುರಿದು ಇಪ್ಪತ್ತು ದಿನ ಕೂತಾಗ ಅವನು ಮನೆಯ ಗಡಿಯಾರ, ಮಿಕ್ಸರ್, ದುರುಗೇಶನ ಆಟೋ ಮೂರನ್ನೂ ಬಿಚ್ಚಿ ಜೋಡಿಸಿದ್ದ, ಮೂರೂ ಚೆನ್ನಾಗಿಯೇ ಇದ್ದವು. ಅಪ್ಪನಿಗೆ ಹೇಳಿದರೆ ಅವನು ಬದಲಾಗುವವನಲ್ಲ, ಸಾವುಕಾರನ ಮುಂದೆ ಹೋಗಿ ತಾನೇ ಕೆಲಸ ಬಿಟ್ಟು ಬರುವವನು. ಹೇಳುವುದು ಬೇಡ ಎಂದುಕೊಂಡಳು.

ಮರುದಿನದಿಂದ ಅವಳು ಒಂದು ಕೆಲಸ ಮಾಡತೊಡಗಿದಳು. ಗದ್ದೆಪ್ಪ ಮಿಲ್ಲಿಗೆ ಹೋದ ಎರಡೂವರೆ ತಾಸಿಗೆ ಸರಿಯಾಗಿ, ಅವನ ಫೋನಿಗೆ ಕಾಯದೆ, ಗುಂಡಿ ಒತ್ತಿಬಿಡುತ್ತಿದ್ದಳು. ಹೇಗೂ ಎರಡು ತಾಸಿಗೆ ಯಂತ್ರ ಸರಿಯಾಗಿರುತ್ತದೆ, ಉಳಿದದ್ದು ಚಿಲಕ ಮತ್ತು ಊಟ. ಯಾರಿಗೂ ನಷ್ಟವಿಲ್ಲ.

ನಾಲ್ಕನೇ ನಂಬರು ಒಂದೇ ವಾರದಲ್ಲಿ ಮೇಲೆ ಬಂತು. ಮೂರನೇ ವಾರಕ್ಕೆ ಒಂಬತ್ತು ಮಂದಿಯಲ್ಲಿ ಮೊದಲನೆಯದಾಯಿತು. ಕೊಟ್ರೇಶ ಎಲ್ಲರನ್ನೂ ಕೂಡಿಸಿ, ನಾಲ್ಕನೇ ನಂಬರು ಯಾರೋ ಮುಂದೆ ಬರಲಿ ಎಂದ. ತನ್ನ ನಂಬರು ಯಾವುದೆಂದೇ ಗೊತ್ತಿಲ್ಲದ ಗದ್ದೆಪ್ಪ ಚಪ್ಪಾಳೆ ತಟ್ಟುತ್ತ ಕೂತಿದ್ದ. ಉಳಿದವರಿಗೆಲ್ಲ ತಮ್ಮ ತಮ್ಮ ನಂಬರು ಗೊತ್ತಿತ್ತು, ಪಕ್ಕದವರು ಅವನನ್ನು ಎಬ್ಬಿಸಿ ಕಳಿಸಿದರು. ಶಾಲು ಹೊದಿಸಿದಾಗ ಅವನು ಮಗಳ ಕಡೆ ನೋಡಿದ ರೀತಿ ಹೇಗಿತ್ತೆಂದರೆ, ಮಂಜುಳಾ ತಲೆ ತಗ್ಗಿಸಿ ಇಲ್ಲದ ಫೋನೊಂದನ್ನು ಎತ್ತಿದಳು.

"ನಾ ಏನೂ ಬದಲ ಮಾಡಿಲ್ಲಲ್ಲಬೇ," ಎಂದ ಅವನು ಮನೆಯಲ್ಲಿ, ಶಾಲನ್ನು ಮಡಚುತ್ತ. "ಹಿಂದಿನಂಗ ಮಾಡಾಕತ್ತೀನಿ."

"ಇಷ್ಟು ವರ್ಷಕ್ಕ ಅವರಿಗೆ ಕಣ್ಣು ಬಂದಾವ," ಎಂದಳು ಬೂದೆಮ್ಮ. ಅವತ್ತು ಬೆಲ್ಲವನ್ನು ಜಗಳವಿಲ್ಲದೆಯೇ ತಂದಳು, ಹೋಳಿಗೆ ಮಾಡಲಿಕ್ಕೆ.

ಆದರೆ ಕಂಪ್ಯೂಟರಿಗೆ ಹೋಳಿಗೆ ಗೊತ್ತಿಲ್ಲ. ಗುಂಡಿ ಒತ್ತಿದ ಕ್ಷಣವೇ ನಾಲ್ಕನೇ ನಂಬರು ಖಾಲಿ ಎಂದು ಅದು ತಿಳಿಯುತ್ತಿತ್ತು, ಇನ್ನೊಂದು ಕೆಲಸ ಹಚ್ಚುತ್ತಿತ್ತು. ಮಾನ್ವಿಯಲ್ಲಿ ಇನ್ನೂ ನಟ್ಟು ಬಿಗಿಯುತ್ತಿರುವಾಗಲೇ ದೇವದುರ್ಗದ ಕೆಲಸ ಅವನ ಮೊಬೈಲಿಗೆ ಬರುತ್ತಿತ್ತು. ಅರವತ್ತರ ಹತ್ತಿರದ ಮನುಷ್ಯ, ಹೆಗಲಿಗೆ ಹತ್ತು ಕಿಲೋ ಪಾನಾ, ಸುತ್ತಿಗೆಗಳ ಚೀಲ, ಎರಡು ಬಸ್ಸು ಬದಲಿಸಿ ಓಡಬೇಕು. ಬರಬರುತ್ತ ಅವನು ಮುದುಕಿಯರ ಹೊಲಿಗೆ ಯಂತ್ರಗಳನ್ನು ಬಿಟ್ಟ, ಚಿಲಕಗಳನ್ನು ಬಿಟ್ಟ, ಊಟ ಬಿಟ್ಟ. ಮನೆಗೆ ಬಂದು ತಾಟಿನ ಮುಂದೆ ಕೂತಲ್ಲೇ ತೂಕಡಿಸತೊಡಗಿದ.

"ಕೆಲಸ ಹಚ್ಚಾಕಿ ನೀನ ಅಲ್ಲೇನು?" ಎಂದು ಬೂದೆಮ್ಮ ಮಗಳಿಗೆ ಕೇಳಿದಳು. "ಜರಾ ಕಡಿಮಿ ಹಚ್ಚಿದ್ರ ನಿಮ್ಮ ಕಂಪನಿ ಮುಳಗತದೇನು?"

"ನಾ ಅಲ್ಲ ಯವ್ವಾ, ಕಂಪ್ಯೂಟರ್ ಹಚ್ತದ."

"ಅದಕ್ಕ ಅಪ್ಪ ಅವ್ವ ಇಲ್ಲೇನು?"

ಮಂಜುಳಾ ಒಂದು ವಾರ ಗುಂಡಿಯನ್ನು ತಡಮಾಡಿ ಒತ್ತಿ ನೋಡಿದಳು. ನಾಲ್ಕನೇ ನಂಬರು ಜಾರಿತು. ಶಾಲು ಹೊದ್ದವನಿಗೆ ಏನಾಯಿತು ಎಂದು ಕೊಟ್ರೇಶ ಕೇಳಿದ. ಅವಳು ಮತ್ತೆ ಎರಡೂವರೆ ತಾಸಿಗೆ ಬಂದಳು. ಸೀಜನ್ ಮುಗಿಯಲಿ, ಇನ್ನು ಒಂದೇ ತಿಂಗಳು, ಎಂದುಕೊಂಡಳು.

ಆರನೇ ವಾರದ ಗುರುವಾರ ಗದ್ದೆಪ್ಪ ಮಾನ್ವಿಯಲ್ಲಿ ಜಂಬಣ್ಣನ ಮಿಲ್ಲಿನಲ್ಲಿದ್ದ. ಎರಡು ರಬ್ಬರ್ ರೋಲುಗಳು ಎದುರುಬದುರು ತಿರುಗಿ ಭತ್ತದ ಹೊಟ್ಟು ಬಿಡಿಸುವ ಯಂತ್ರ. ರೋಲು ಬದಲಿಸುವ ಕೆಲಸ. ಮಂಜುಳಾ ಗಡಿಯಾರ ನೋಡಿ, ಹನ್ನೆರಡು ಹೊಡೆದು ಹತ್ತು ನಿಮಿಷಕ್ಕೆ ಗುಂಡಿ ಒತ್ತಿ, ಬುತ್ತಿ ಬಿಚ್ಚಿದಳು. ಎರಡನೇ ತುತ್ತಿಗೆ ಫೋನ್ ಬಂತು.

ನಡೆದದ್ದನ್ನು ಅವಳು ರಾಯಚೂರಿನ ಆಸ್ಪತ್ರೆಯ ಬಾಗಿಲಲ್ಲಿ ಜಂಬಣ್ಣನ ಬಾಯಿಂದಲೇ ಕೇಳಿದಳು. ಗದ್ದೆಪ್ಪನದೊಂದು ರೂಢಿಯಿತ್ತು: ಯಂತ್ರಕ್ಕೆ ಕೈ ಹಾಕುವ ಮೊದಲು ಫ್ಯೂಜು ಕಿತ್ತು ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದ. ಅವತ್ತೂ ಕಿತ್ತಿದ್ದ. ಆದರೆ ಹಿಂದಿನ ದಿನವೇ ಅವನಿಗೆ ಹಚ್ಚಿ ಬಾಕಿ ಉಳಿದಿದ್ದ ಕೆಲಸಕ್ಕೆ ದೇವದುರ್ಗದವರು ಎರಡು ಸಲ ಫೋನ್ ಮಾಡಿ ಎಲ್ಲಿದ್ದೀ ಎಂದು ಕೇಳಿದ್ದರು. ಅವಸರದಲ್ಲಿ ಫ್ಯೂಜು ಹಾಕಿ, ಓಡಿಸಿ ನೋಡಬೇಕೆನ್ನುವಾಗ ರೋಲುಗಳ ನಡುವೆ ಒಂದು ವಾಶರ್ ಬಿದ್ದದ್ದು ಕಂಡಿತು. ಮತ್ತೆ ಫ್ಯೂಜು ಕೀಳಲು ಹೊತ್ತಿರಲಿಲ್ಲ. ಗೋಡೆಯ ಆಚೆ ಸ್ವಿಚ್ ಬೋರ್ಡಿನ ಹತ್ತಿರವಿದ್ದ ಮಿಲ್ಲಿನ ಆಳು ಹುಲಗಪ್ಪನಿಗೆ, "ನಾ ಅನ್ನೂತನ ಮುಟ್ಟಬ್ಯಾಡೋ" ಎಂದು ಕೂಗಿ ಕೈ ಹಾಕಿದ. ಅದೇ ಹೊತ್ತಿಗೆ ಮಿಲ್ಲಿನ ಆಫೀಸಿನಲ್ಲಿದ್ದ ಜಂಬಣ್ಣನ ಮೊಬೈಲಿಗೆ ಮೆಸೇಜು ಬಂತು. ಬಾಗಿಲಲ್ಲಿ ಏಳು ಲಾರಿ ನಿಂತಿದ್ದವು.

"ನಾನ ಒದರಿದೆನವ್ವಾ," ಎಂದ ಜಂಬಣ್ಣ. ದೊಡ್ಡ ದೇಹದ ಮನುಷ್ಯ, ಹಣೆಯ ವಿಭೂತಿ ಬೆವರಿಗೆ ಕರಗಿತ್ತು. "ಮುಗೀತಂತ ಹಾಕಲೇ ಅಂದೆ. ಹುಲಗಪ್ಪ ಹಾಕಿದ. ಚಾಲೂ ಮಾಡಬಹುದು ಅಂತ ಬಂದಿತ್ತು ನೋಡು, ನಿಮ್ಮ ಕಂಪನಿದ."

ಮೊಬೈಲನ್ನು ತೋರಿಸಿದ. ಮಂಜುಳಾ ತಾನೇ ಬರೆದ ಸಾಲನ್ನು ಓದಿದಳು.

ಬಲಗೈಯನ್ನು ಮಣಿಕಟ್ಟಿನ ಮೇಲೆ ತೆಗೆದರು.

ಹದಿನಾರು ದಿನಕ್ಕೆ ಗದ್ದೆಪ್ಪ ಮನೆಗೆ ಬಂದ. ರೊಟ್ಟಿ ಮುರಿಯಲು ಎಡಗೈಗೆ ಬರಲಿಲ್ಲ. ಬಂದಿದ್ದರೂ ಎಡಗೈಯಲ್ಲಿ ಉಣ್ಣಲು ಅವನಿಗೆ ಮನಸ್ಸಿರಲಿಲ್ಲ. ಬೂದೆಮ್ಮ ಬಾಗಿಲು ಮುಂದೆ ಮಾಡಿ ತುತ್ತು ಮಾಡಿ ತಿನ್ನಿಸುತ್ತಿದ್ದಳು. ನೋಡಲು ಬಂದವರು ಊಟದ ಹೊತ್ತಿಗೆ ಕೂತರೆ, "ನಂದು ಆಗ್ಯದ" ಎನ್ನುತ್ತಿದ್ದ. ಕೆಲವರು ಕತ್ತಲಾಗುವವರೆಗೆ ಕೂತುಬಿಡುತ್ತಿದ್ದರು, ಪಾಪ, ಅವನಿಗೆ ಬೇಸರವಾಗಬಾರದೆಂದು.

ಮಾನ್ವಿಯಿಂದ ಬಂದವರ ಬಾಯಲ್ಲಿ ಒಂದು ಮಾತು ಬಂತು. ದುರುಗೇಶ ಅದನ್ನು ಆಟೋ ಸ್ಟ್ಯಾಂಡಿನಲ್ಲಿ ಕೇಳಿ ಮನೆಗೆ ತಂದ.

"ಯಪ್ಪ ಕೆಲಸ ಮುಗಿಸಿ, ಮುಗೀತಂತ ಹೇಳಿ, ಆಮ್ಯಾಲ ಚಾಲೂ ಮಶಿನ್ಯಾಗ ಕೈ ಹಾಕಿದ್ನಂತ. ವಯಸ್ಸಾಗ್ಯದ, ತಲಿ ಓಡವಲ್ದು ಅಂತಾರ. ಒಬ್ಬಾಂವ ಕುಡದಿದ್ನೇನು ಅಂತ ಕೇಳಿದ. ಅವನ ಅಂಗಿ ಹರದು ಬಂದೀನಿ."

"ಅಂಗಿ ಯಾಕ ಹರೀತಿ," ಎಂದ ಗದ್ದೆಪ್ಪ ಗೋಡೆ ನೋಡುತ್ತ. "ಮೆಸೇಜು ಹೋಗಿತ್ತಂದ್ರ ಹಂಗ ಅಂತಾರ."

ಬೂದೆಮ್ಮ, ದುರುಗೇಶ ಇಬ್ಬರೂ ಹೊರಗೆ ಹೋದ ಹೊತ್ತು ನೋಡಿ ಗದ್ದೆಪ್ಪ ಮಗಳನ್ನು ಕರೆದ.

"ನಾ ಫೋನ್ ಮಾಡಿರಲಿಲ್ಲ. ನೀನ ಒತ್ತಿದ್ಯೇನು?"

"ಹ್ಞೂಂ ಯಪ್ಪಾ."

"ಯಾಕಬೇ?"

ಅವಳು ಹೇಳಿದಳು. ಕೊಟ್ರೇಶ ಅಂದದ್ದು, ನಾಲ್ಕನೇ ನಂಬರು, ಎರಡೂವರೆ ತಾಸು. ಅಳುವುದನ್ನು ಬಿಟ್ಟು ಎಲ್ಲವನ್ನೂ ಸರಿಯಾಗಿ ಹೇಳಿದಳು. ಅವಳ ಕೆಲಸವೇ ಅದಾಗಿತ್ತಲ್ಲ.

"ಎಷ್ಟು ದಿನದಿಂದ?"

"ಆರು ವಾರ."

"ಹಂಗಾದ್ರ ಆ ಶಾಲು?"

ಅವಳು ಮೂಲೆಯಲ್ಲಿ ಮಡಚಿಟ್ಟಿದ್ದ ಶಾಲಿನ ಕಡೆ ನೋಡಿದಳು. ಅವನು "ಹ್ಞಾಂ" ಎಂದ. ಕೈ ಹೋದ ದಿನವೂ ಅವನ ಮುಖ ಹಾಗಾಗಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

"ನಾಳಿ ಸರ್‌ಗೆ ಎಲ್ಲಾ ಹೇಳಿಬಿಡ್ತೀನಿ ಯಪ್ಪಾ."

"ಹೇಳು," ಎಂದ. "ಸೋಮವಾರ ಹೇಳು. ಅವಸರ ಏನದ."

ಸೋಮವಾರಕ್ಕೆ ಅವನು ಯಾಕೆ ಹೇಳಿದ ಎಂಬುದು ಸೋಮವಾರವೇ ತಿಳಿಯಿತು. ಕೊಟ್ರೇಶ ಒಂದು ಫೈಲನ್ನು ಅವಳ ಮುಂದಿಟ್ಟು ಕಂಪ್ಯೂಟರಿಗೆ ಹಾಕು ಎಂದ. ಭಾನುವಾರ ಗದ್ದೆಪ್ಪ ಮಗನ ಆಟೋದಲ್ಲಿ ಕೊಟ್ರೇಶನ ಮನೆಗೇ ಹೋಗಿದ್ದ. ಫೈಲಿನಲ್ಲಿದ್ದದ್ದು ಅಲ್ಲಿ ಅವನು ಹೇಳಿ, ಬೇರೆ ಯಾರೋ ಬರೆದುಕೊಂಡ ಹೇಳಿಕೆ: ಕೆಲಸ ಮುಗಿದಿದೆ ಎಂದು ನಾನೇ ಫೋನ್ ಮಾಡಿ ತಿಳಿಸಿದ್ದೆ. ಆಮೇಲೆ ಯಂತ್ರದಲ್ಲಿ ಕೈ ಹಾಕಿದ್ದು ನನ್ನ ತಪ್ಪು. ಇದರಲ್ಲಿ ಆಫೀಸಿನವರ ತಪ್ಪೇನೂ ಇಲ್ಲ. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ನಲವತ್ತು ದಾಟಿದ ಮೇಲೆ ಮಗಳ ಪಾಟಿಯ ಮೇಲೆ ಸಹಿ ಕಲಿತವನು ಗದ್ದೆಪ್ಪ. ಕೊನೆಯ ಅಕ್ಷರದ ಬಾಲವನ್ನು ಎಳೆದರೆ ಅದು ಮಾನ್ವಿಗೆ ಮುಟ್ಟುತ್ತದೆ ಎಂದು ಆಫೀಸಿನಲ್ಲಿ ನಗುತ್ತಿದ್ದರು. ಈಗ ಅಲ್ಲಿ ನೀಲಿ ಕಲೆಯೊಂದಿತ್ತು.

"ಭಾಳ ದೊಡ್ಡ ಮನುಷ್ಯ ನಿಮ್ಮಪ್ಪ," ಎಂದ ಕೊಟ್ರೇಶ. "ಏನೋ ಒಂದಿಷ್ಟು ಸಹಾಯ ಮಾಡ್ತೀನಿ. ನೀ ಒಂದು ಹೊಸ ಪದ್ಧತಿ ಬರದುಕೊಡು ಮಂಜುಳಾ, ಮುಂದ ಹಿಂಗ ಆಗಬಾರ್ದು. ಅದನ್ನ ನೋಡ್ಕೊಳ್ಳಾಕ ನಿನ್ನ ಮ್ಯಾನೇಜರ್ ಮಾಡ್ತೀನಿ."

ಮಂಜುಳಾ ಹೊಸ ಪದ್ಧತಿ ಬರೆದಳು. ಎರಡು ತಾಸಿನ ಕೆಲಸ. ಫಿಟ್ಟರ್ ತನ್ನ ಕೈಯಾರೆ ಗಿರಾಕಿಯ ಮುಂದೆ ಫ್ಯೂಜು ಹಾಕುವವರೆಗೆ ಯಾವ ಮೆಸೇಜೂ ಹೋಗಬಾರದು. ಯಾರ ಹೊತ್ತನ್ನೂ ಎಣಿಸಬಾರದು. ಅದನ್ನು ಟೇಬಲ್ಲಿನ ಮೇಲಿಟ್ಟು ಮರುದಿನ ರಜೆ ಹಾಕಿ ಮಾನ್ವಿಯ ಬಸ್ಸು ಹತ್ತಿದಳು. ಜಂಬಣ್ಣನ ಮಿಲ್ಲಿನಲ್ಲಿ ಹಮಾಲರು ಚಹಾಕ್ಕೆ ಕೂಡುವ ಹೊತ್ತು ನೋಡಿ ನಡುವೆ ನಿಂತು, ಅಪ್ಪ ಕೆಲಸ ಮುಗಿಸಿರಲಿಲ್ಲ, ಫೋನ್ ಮಾಡಿರಲಿಲ್ಲ, ಸುಳ್ಳು ಗುಂಡಿ ಒತ್ತಿದವಳು ನಾನು, ಎಂದಳು. ಮರುದಿನ ಅದನ್ನೇ ಕೊಟ್ರೇಶನ ಮುಂದೆ ಅಂದಳು.

"ನಿಮ್ಮಪ್ಪ ಒಂದು ಹೇಳ್ತಾನ, ನೀ ಒಂದು ಹೇಳ್ತಿ," ಎಂದ ಕೊಟ್ರೇಶ. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಈಗ ಇನ್ಸೂರೆನ್ಸಿನವರು ಇಬ್ಬರನ್ನೂ ನಂಬಂಗಿಲ್ಲ. ಗಿರಾಕಿಗೆ ಸುಳ್ಳು ಮೆಸೇಜು ಕಳಿಸಿದಾಕಿನ್ನ ನಾ ಹೆಂಗ ಇಟ್ಕೊಳ್ಳಲಿ? ನಾಳಿಂದ ಬರಬ್ಯಾಡವ್ವಾ."

ಮನೆಯಲ್ಲಿ ಅವಳು ಎಲ್ಲರ ಮುಂದೆ ಹೇಳಿದಳು. ದುರುಗೇಶ ಎದ್ದು ನಿಂತ, ಮತ್ತೆ ಕೂತ, ಏನು ಮಾಡಬೇಕೆಂದು ತಿಳಿಯದೆ ಆಟೋದ ಕೀಲಿಯನ್ನು ತಿರುಗಿಸುತ್ತ ಹೊರಗೆ ಹೋದ. ಗದ್ದೆಪ್ಪ ಗೋಡೆಯ ಕಡೆ ತಿರುಗಿದ.

"ನಾ ಕೈ ಕೊಟ್ಟು ಉಳಿಸಿದ್ದನ್ನ ನೀ ಪುಕ್ಕಟ ಬಸ್ಸಿನಾಗ ಹೋಗಿ ಕಳದು ಬಂದಿ."

"ಮಂದಿ ನಿನ್ನ ಕುಡುಕ ಅಂತಿದ್ರು ಯಪ್ಪಾ!"

"ಅನ್ನಲಿ. ಅನ್ನೋರು ನಮಗ ಜ್ವಾಳ ತಂದು ಹಾಕ್ತಾರೇನು?"

ಆಗ ಬೂದೆಮ್ಮ ಕೈಯಲ್ಲಿದ್ದ ತಾಟನ್ನು ನೆಲಕ್ಕೆ ಇಟ್ಟಳು. ಇಟ್ಟ ಸದ್ದಿಗೆ ಇಬ್ಬರೂ ತಿರುಗಿದರು.

"ಅಕಿ ನಿನಗ ತಿಳೀಲಾರದಂಗ ನಿನ್ನ ಉಳಿಸಾಕ ಹೋದ್ಲು. ನೀ ಅಕಿಗೆ ತಿಳೀಲಾರದಂಗ ಅಕಿನ್ನ ಉಳಿಸಾಕ ಹೋದಿ. ನಾ ಒಬ್ಬಾಕಿ ಇಲ್ಲೇ ರೊಟ್ಟಿ ಬಡೀತಿದ್ದೆ. ಯಾರರೆ ಒಂದು ಮಾತು ಕೇಳಿದ್ರೇನು?" "ಕೆಲಸ ಹೋದ್ರ ಹೋಗಲಿ, ಮನ್ಯಾಗ ಕುಂಡ್ರು ಅಂತ ನಾ ಅಂತಿದ್ದೆ. ಎರಡೂ ಕೈ ಇರ್ತಿದ್ವು."

ಆ ಮಾತಿನ ಮೇಲೆ ಹಾಕಲು ಆ ಮನೆಯಲ್ಲಿ ಬೆಲ್ಲವಿರಲಿಲ್ಲ.

ಗದ್ದೆಪ್ಪ ಮಗಳ ಜೊತೆ ಮಾತು ಬಿಟ್ಟ. ಮಂಜುಳಾ ಗಂಜ್‌ನ ದಲಾಲಿ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸ ಹಿಡಿದಳು. ಅರ್ಧ ಸಂಬಳ. ಬೆಳಿಗ್ಗೆ ನೀರು ತುಂಬಿ, ಅಪ್ಪನ ಅಂಗಿಯ ಗುಂಡಿ ಹಾಕಿ ಹೋಗುತ್ತಿದ್ದಳು. ಗುಂಡಿ ಹಾಕಿಸಿಕೊಳ್ಳುವಾಗ ಅವನು ತೊಲೆ ನೋಡುತ್ತಿದ್ದ. ಹೀಗೆ ಹನ್ನೊಂದು ದಿನ.

ಹನ್ನೆರಡನೇ ದಿನ, ಭಾನುವಾರ, ಅವಳು ಗುಂಡಿ ಹಾಕುತ್ತಿದ್ದಾಗ ಅವನು ತೊಲೆಯನ್ನು ಕೇಳಿದ ಹಾಗೆ ಕೇಳಿದ.

"ಜಂಬಣ್ಣ ಏನಂದ?"

ಮಂಜುಳಾಳ ಬೆರಳು ನಿಂತಿತು. "ಏನೂ ಅನ್ನಲಿಲ್ಲ. ಎದ್ದು ನಿಂತ್ರು."

"ಜಂಬಣ್ಣ ಎದ್ದು ನಿಂತ?" ಜಂಬಣ್ಣನ ಮೈ ನೋಡಿದವರಿಗೆ ಅದು ಸಣ್ಣ ಕೆಲಸವಲ್ಲ.

"ಹಮಾಲರೂ ನಿಂತ್ರು. ಒಬ್ಬಾಂವ ಟವೆಲ್ ತಗದು ಕಣ್ಣು ಒರಸ್ಕೊಂಡ."

"ಎಷ್ಟು ಮಂದಿ?"

"ಹದಿನಾಕು."

ಗದ್ದೆಪ್ಪ ಎಣಿಸಿದ. ಅವನಿಗೆ ಆ ಮಿಲ್ಲಿನ ಪ್ರತಿಯೊಬ್ಬನೂ ಗೊತ್ತು. "ಹದಿನೈದು ಆಗಬೇಕು."

"ಹುಲಗಪ್ಪ ಏಳಲಿಲ್ಲ. ಚೀಲದ ಮ್ಯಾಲ ಮೊಣಕಾಲಾಗ ತಲಿ ಇಟ್ಟು ಕುಂತಿದ್ದ. ಆವತ್ತಿಂದ ಸ್ವಿಚ್ ಬೋರ್ಡ್ ಹತ್ರ ಹೋಗವಲ್ನಂತ. ಹೊಟ್ಟು ಬಳೀತಾನಂತ. ಯಾರ ಜೋಡಿ ಮಾತಾಡಂಗಿಲ್ಲಂತ."

"ಅವಂಗ ಹೇಳಿದ್ಯೇನು?"

"ಏನು?"

"ತಪ್ಪು ಅವಂದಲ್ಲಂತ."

"ಎಲ್ಲಾರಿಗೂ ಹೇಳಿದೆನಲ್ಲ ಯಪ್ಪಾ. ನಂದು ತಪ್ಪು ಅಂತ."

"ಎಲ್ಲಾರಿಗೂ ಹೇಳಿದ್ದು ಅವಂಗ ಹೇಳಿದಂಗಲ್ಲಬೇ." ಮೊದಲ ಸಲ ಅವನು ತೊಲೆಯಿಂದ ಕಣ್ಣು ತೆಗೆದು ಅವಳ ಮುಖ ನೋಡಿದ. "ಸ್ವಿಚ್ ಹಾಕಿದ ಕೈ ಅವಂದು. ರಾತ್ರಿ ಮಕ್ಕೊಂಡಾಗ ಆ ಕೈ ಅವನ ಮಗ್ಗಲಕ್ಕ ಇರ್ತದ. ಮೊದಲ ಅವಂಗ ಹೇಳಬೇಕಿತ್ತು. ನೀನೂ ಮರತಿ, ನಾನೂ ಮರತೆ."

ಹೊರಗೆ ದುರುಗೇಶ ಆಟೋ ತೊಳೆಯುತ್ತಿದ್ದ. ಒಳಗೆ ಬೂದೆಮ್ಮ ರೊಟ್ಟಿ ಬಡಿಯುವ ಸದ್ದು ನಿಂತಿತು, ಕೇಳಿಸಿಕೊಳ್ಳುತ್ತಿದ್ದಳು.

"ಮುಂದಿನ ಗುಂಡಿನೂ ಹಾಕು," ಎಂದ ಗದ್ದೆಪ್ಪ. "ಹತ್ತರ ಬಸ್ಸಿಗೆ ಮಾನ್ವಿಗೆ ಹೋಗೂಣು." ಆಮೇಲೆ ಒಳಗೆ ಕೇಳುವ ಹಾಗೆ ದನಿ ಏರಿಸಿದ. "ಬುತ್ತಿ ಕಟ್ಟಬೇ. ಮೂರು ಮಂದಿಗೆ ಕಟ್ಟು. ಅಂವ ಉಣ್ಣೂತನ ನಾವು ಅಲ್ಲೇ ಕುಂದರತೀವಿ."